ಕಾದ ಚಕ್ರ ಮತ್ತು ದುಡಿಯುವವನ ಮಾತು

ಡಮ್‌ಡಮ್ ನಿಲ್ದಾಣದಲ್ಲಿ ವಿಮಾನವೊಂದು ಇಳಿದು, ಅದರ ಚಕ್ರದಿಂದ ಹೊಗೆ ಕಾಣಿಸಿತೆಂದು ಇಟ್ಟುಕೊಳ್ಳಿ. ಬೆಂಕಿ ಆರಿಸುವವರು ಗಾಡಿ ತರುತ್ತಾರೆ, ಕೊಳವೆ ಹಿಡಿಯುತ್ತಾರೆ, ಆದರೆ ದೂರದಲ್ಲೇ ನಿಲ್ಲುತ್ತಾರೆ. ಇದನ್ನು ಕಂಡವರು ಏನೆನ್ನುತ್ತಾರೆ? “ಸಂಬಳ ತಿಂದು ಸುಮ್ಮನೆ ನಿಂತಿದ್ದಾರೆ, ಒಂದು ಕೊಡ ನೀರು ಹೊಯ್ಯಬಾರದೆ!” ಮಾಲೀಕರು, ದೊಡ್ಡ ಪೇಟೆಯವರು ಹೀಗೆಂದರೆ ನಮಗೆ ಆಶ್ಚರ್ಯವಿಲ್ಲ. ದುಡಿಯುವ ನಮ್ಮ ಬಂಧುಗಳೂ ಈ ಮಾತಿಗೆ ತಲೆದೂಗುವುದನ್ನು ಕಂಡಾಗ ಸುಮ್ಮನಿರಲು ನಮ್ಮಿಂದಾಗದು.

ಕಾರಣ ತಿಳಿಯೋಣ. ಆಗುಂಬೆ ಘಾಟಿ ಇಳಿಯುವ ಲಾರಿಯ ಚಕ್ರದಿಂದ ಬರುವ ಸುಟ್ಟ ವಾಸನೆ ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತು. ಹತ್ತಾರು ಟನ್ ಭಾರದ ವಿಮಾನ ಬಸ್ಸಿಗಿಂತ ಹಲವು ಪಟ್ಟು ವೇಗದಲ್ಲಿ ಬಂದು ನಿಲ್ಲಬೇಕಾದರೆ ಅದರ ಬ್ರೇಕು ಎಷ್ಟು ಕಾಯಬೇಕು! ಆ ಕಾವು ವಿಮಾನ ನಿಂತೊಡನೆ ಇಳಿಯುವುದಿಲ್ಲ. ಬ್ರೇಕಿನಿಂದ ಚಕ್ರಕ್ಕೆ, ಚಕ್ರದಿಂದ ಟೈರಿಗೆ ಹರಿದು, 15–20 ನಿಮಿಷ ಕಳೆದ ಮೇಲೂ ಏರುತ್ತಿರುತ್ತದೆ. ಕೆಂಪಗೆ ಕಾದ ದೋಸೆಕಲ್ಲಿಗೆ ತಣ್ಣೀರು ಎರಚಿದರೆ ಅದು ಸೀಳುವುದನ್ನು ನಮ್ಮ ಅಡಿಗೆಯವರು ಬಲ್ಲರು. ಗಾಳಿ ಬಿಗಿದ ಚಕ್ರ ಹಾಗೆ ಸೀಳಿದರೆ ಚೂರುಗಳು ಗುಂಡಿನಂತೆ ಪಕ್ಕಕ್ಕೆ ಹಾರುತ್ತವೆ. ಆದುದರಿಂದಲೇ ಚಕ್ರದ ಮುಂದಿನಿಂದಲೋ ಹಿಂದಿನಿಂದಲೋ ಹೋಗಬೇಕು, ಪಕ್ಕದಿಂದ ಹೋಗಕೂಡದು ಎಂಬ ನಿಯಮವಿದೆ. ಚಕ್ರದಲ್ಲಿ ಕರಗುವ ಬಿರಡೆಗಳೂ ಇರುತ್ತವೆ. ಕಾವು ಮಿತಿ ಮೀರಿದರೆ ಅವು ಕರಗಿ, ಟೈರು ಒಡೆಯುವ ಮೊದಲೇ ಒಳಗಿನ ಅನಿಲವನ್ನು ಹೊರಬಿಡುತ್ತವೆ. ಜ್ವಾಲೆ ಎದ್ದರೆ ಮಾತು ಬೇರೆ, ಒಡನೆ ಆರಿಸಲೇಬೇಕು. ಬರಿಯ ಕಾವಾದರೆ ಜನರನ್ನು ದೂರವಿಟ್ಟು ಕಾಯುವುದೇ ಕೆಲಸ. ಅದು ಸೋಮಾರಿತನವಲ್ಲ, ಕಲಿತು ಪಡೆದ ವಿದ್ಯೆ.

ರನ್‌ವೇಯ ಯಾವ ಮೂಲೆಗಾದರೂ 3 ನಿಮಿಷದೊಳಗೆ ಬೆಂಕಿಗಾಡಿ ತಲುಪಬೇಕೆಂದು ಅಂತರರಾಷ್ಟ್ರೀಯ ಕಟ್ಟಳೆ ಇದೆ. ಒಳ್ಳೆಯದೇ. ಆದರೆ ನೆಲ ಬಿಟ್ಟ ವಿಮಾನವನ್ನು ಯಾವ ಗಾಡಿ ಮುಟ್ಟೀತು?

1963ರ ಸೆಪ್ಟೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಮಂಜು ಚದುರಿಸಲೆಂದು ಎಂಜಿನ್ ಅಬ್ಬರಿಸಿ, ಬ್ರೇಕ್ ಒತ್ತಿಕೊಂಡು ವಿಮಾನವನ್ನು ರನ್‌ವೇಯಲ್ಲಿ ನಡೆಸಿದರು. ಕಾದ ಬ್ರೇಕಿನೊಡನೆ ಮೇಲೇರಿದ ಆ ವಿಮಾನದಲ್ಲಿ 80 ಜನ ಸತ್ತರು. 1986ರ ಮಾರ್ಚ್ 31ರಂದು ಮೆಕ್ಸಿಕೊದಲ್ಲಿ 167 ಜನ ಸತ್ತರು. ಅಲ್ಲಿ ಟೈರಿಗೆ ನೈಟ್ರೋಜನ್ ಬದಲು ಬರಿಯ ಗಾಳಿ ತುಂಬಿದ್ದರು, ಬ್ರೇಕಿನ ಕಾವಿಗೆ ಅದು ಆಕಾಶದಲ್ಲಿ ಸಿಡಿಯಿತು.

ಮೂರನೆಯ ಕಥೆಯನ್ನು ಪ್ರತಿಯೊಬ್ಬ ಕಾರ್ಮಿಕನೂ ನೆನಪಿಡಬೇಕು. 1991ರ ಜುಲೈ 11ರಂದು ಜೆಡ್ಡಾದಿಂದ ಹಜ್ ಮುಗಿಸಿದ ನೈಜೀರಿಯಾದ ಯಾತ್ರಿಕರು ಊರಿಗೆ ಹೊರಟಿದ್ದರು. ಟೈರುಗಳಲ್ಲಿ ಒತ್ತಡ ಕಡಿಮೆಯಿದೆ ಎಂದು ಮುಖ್ಯ ಮೆಕ್ಯಾನಿಕನಿಗೆ ಗೊತ್ತಿತ್ತು. ತುಂಬಲು ನೈಟ್ರೋಜನ್ ಆ ಕ್ಷಣಕ್ಕೆ ಸಿಗಲಿಲ್ಲ. ತಡವಾದೀತೆಂದು ಮೇಲಿನವನು ವಿಮಾನವನ್ನು ಹೊರಡಿಸಿದ. ಸೊರಗಿದ ಟೈರಿನ ಭಾರವನ್ನು ಹೊತ್ತ ಪಕ್ಕದ ಟೈರು ನೆಲದ ಮೇಲೆ ಸಾಗುವಾಗಲೇ ಕಾದು, ಮೇಲೇರುವ ಓಟದಲ್ಲಿ ಒಡೆಯಿತು. ಉರಿಯುವ ಚಕ್ರವನ್ನು ಹೊಟ್ಟೆಯೊಳಗೆ ಮಡಚಿಕೊಂಡು ವಿಮಾನ ಮೇಲೇರಿತು. 261 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಇಲ್ಲಿ ಬೆಂಕಿ ಹೊತ್ತಿದ್ದು ರಬ್ಬರಿನಲ್ಲಿ ಮಾತ್ರವೆ? “ತಡವಾದೀತು” ಎಂಬ ಒಂದು ಮಾತಿನಲ್ಲಿ ಅದು ಮೊದಲೇ ಹೊತ್ತಿತ್ತು. ಟೈರಿಗೆ ಕೈಯಿಟ್ಟವನಿಗೆ ತಿಳಿದಿತ್ತು, ಆದರೆ ಅವನ ಮಾತಿಗೆ ವಿಮಾನವನ್ನು ನಿಲ್ಲಿಸುವ ಬಲವಿರಲಿಲ್ಲ.

“ಕಂಡಕಂಡ ಕೆಲಸಗಾರನೆಲ್ಲ ವಿಮಾನ ನಿಲ್ಲಿಸಿದರೆ ವ್ಯವಹಾರ ನಡೆಯುವುದು ಹೇಗೆ?” ಎಂದು ಕೇಳುವವರಿದ್ದಾರೆ. ನಾವು ಅವರನ್ನು ಮರಳಿ ಕೇಳುತ್ತೇವೆ: ಒಂದು ಗಂಟೆ ತಡವಾದರೆ ಆಗುವ ನಷ್ಟವನ್ನು ನಿಮ್ಮ ಲೆಕ್ಕದ ಪುಸ್ತಕ ಹೇಳುತ್ತದೆ, 261 ಜೀವಗಳ ಬೆಲೆ ಅದರ ಯಾವ ಪುಟದಲ್ಲಿದೆ? ಪ್ರಯಾಣಿಕರ ಜೀವವಷ್ಟೇ ಅಲ್ಲ, ಚಕ್ರದ ಬುಡದಲ್ಲಿ ಬಗ್ಗಿ ದುಡಿಯುವವನ ಜೀವವೂ ಜೀವವೇ. ಇದೇ ಕಲ್ಕತ್ತೆಯ ನಿಲ್ದಾಣದಲ್ಲಿ 2019ರ ಜುಲೈನಲ್ಲಿ, ರಾತ್ರಿಪಾಳಿಯಲ್ಲಿದ್ದ ತರುಣ ತಂತ್ರಜ್ಞನೊಬ್ಬ ವಿಮಾನದ ಚಕ್ರದ ಗೂಡಿನ ಬಾಗಿಲಿಗೆ ಸಿಕ್ಕಿ ಸತ್ತ. ಅವನನ್ನು ಎಷ್ಟು ಜನ ನೆನೆಯುತ್ತಾರೆ?

ಇದು ನಮ್ಮ ಮನೆಯ ಮಾತೂ ಹೌದು. 2025ರ ಏಪ್ರಿಲ್ 29ರ ರಾತ್ರಿ ಬಡಾಬಜಾರಿನ ಹೋಟೆಲೊಂದರಲ್ಲಿ ಬೆಂಕಿ ಬಿದ್ದು ಕನಿಷ್ಠ 14 ಜನ ಸತ್ತರು, ಹೆಚ್ಚಿನವರು ಹೊಗೆಯಲ್ಲಿ ಉಸಿರುಗಟ್ಟಿ. ಯಾವ ಹೋಟೆಲಿನಲ್ಲೇ ಆಗಲಿ, ಗ್ಯಾಸಿನ ಕೊಳವೆ ಸವೆದದ್ದು, ಮೆಟ್ಟಿಲಿಗೆ ಸಾಮಾನು ಅಡ್ಡವಿಟ್ಟದ್ದು ಮೊದಲು ಕಾಣುವುದು ಮಾಣಿಗೆ. ಗಿರಣಿಯ ಬೇರಿಂಗು ಕಾದು ಸೆಣಬಿನ ಧೂಳು ಕಮರುವ ವಾಸನೆ ಮೊದಲು ಬಡಿಯುವುದು ಯಂತ್ರದ ಮುಂದೆ ನಿಂತವನ ಮೂಗಿಗೆ. ಅವನು ಬಾಯಿಬಿಟ್ಟರೆ ಸಿಗುವ ಉತ್ತರವೇನು? “ನಿನ್ನ ಕೆಲಸ ನೋಡಿಕೋ.” ಅದೇ ಅವನ ಕೆಲಸ ಎಂದು ನಾವು ಹೇಳುತ್ತೇವೆ!

ನಾವು ಕೇಳುವುದಿಷ್ಟೆ. ಕಾದದ್ದು, ಸವೆದದ್ದು, ಸೋರುವುದು ಕಂಡ ಕಾರ್ಮಿಕ ಬರೆದುಕೊಟ್ಟರೆ, ಬರೆಹದಲ್ಲೇ ಉತ್ತರ ಬರುವ ತನಕ ವಿಮಾನ ಕದಲಬಾರದು, ಯಂತ್ರ ತಿರುಗಬಾರದು, ಒಲೆ ಉರಿಯಬಾರದು. ಹಾಗೆ ಬರೆದವನ ಕೂಲಿ ಕಡಿಯಬಾರದು. ಅವನು ಗುತ್ತಿಗೆಯವನಾದರೂ ಕೆಲಸದಿಂದ ತೆಗೆಯಬಾರದು. ಬೆಂಕಿ ಬೀಳದ ದಿನ ಬೆಂಕಿ ಆರಿಸುವವರು ದಂಡ ಎಂದು ಲೆಕ್ಕಹಾಕಿ ಅವರ ಸಂಖ್ಯೆ ಇಳಿಸಬಾರದು.

ಬಂಧುಗಳೇ, ಇನ್ನು ಮುಂದೆ ಕಾದ ಚಕ್ರದೆದುರು ಕೊಳವೆ ಹಿಡಿದು ತಾಳ್ಮೆಯಿಂದ ನಿಂತವನನ್ನು ಕಂಡರೆ ಹಳಿಯಬೇಡಿ. ಅವನು ತನ್ನ ಕೆಲಸ ಬಲ್ಲವನು. ಅವಸರಪಡಿಸುವವನನ್ನು ತಡೆದು ಕೇಳುವ ಕೆಲಸ ನಮ್ಮೆಲ್ಲರದು.