ತಾಳ್ಮೆಯೂ ಜಾಣತನವೂ

ಮಕ್ಕಳೇ, ಮುಂಗಾರು ಮಳೆ ಬಿದ್ದ ಮೇಲೆ ಹೊಲಗಳಲ್ಲಿ ಹೆಸರನ್ನೂ ತೊಗರಿಯನ್ನೂ ಬಿತ್ತುವುದನ್ನು ನೀವು ನೋಡಿದ್ದೀರಿ. ಹೆಸರು ಎರಡು, ಎರಡೂವರೆ ತಿಂಗಳಲ್ಲಿ ಕೈಗೆ ಬರುತ್ತದೆ. ತೊಗರಿಗೆ ಐದಾರು ತಿಂಗಳು ಬೇಕು. ಮೊದಮೊದಲು ಅದು ನಿಧಾನವಾಗಿ ಮೇಲೇಳುತ್ತದೆ. ಆದರೆ ಬೇರು ಆಳಕ್ಕೆ ಇಳಿಯುತ್ತದೆ. ಮಳೆ ನಿಂತ ಮೇಲೂ ಗಿಡ ಹಸಿರಾಗಿರುವುದು ಆ ಬೇರಿನ ಬಲದಿಂದ. ನಮ್ಮ ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ನಿಧಾನವಾಗಿ ಬೆಳೆಯುವ ಗಿಡವನ್ನು ರೈತನು ಬೈಯುವುದಿಲ್ಲ. ಆದರೆ ನಿಧಾನವಾಗಿ ಉತ್ತರ ಹೇಳುವ ಗೆಳೆಯನನ್ನು ಕಂಡು ನಾವು ನಗುತ್ತೇವೆ. ಇದು ಸರಿಯೇ?

ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮನು ಧರ್ಮರಾಯನಿಗೆ ಒಂದು ಕತೆ ಹೇಳುತ್ತಾನೆ. ಗೌತಮ ಎಂಬ ಋಷಿಗೆ ಒಬ್ಬ ಮಗನಿದ್ದನು. ಅವನು ಯಾವ ಕೆಲಸವನ್ನೂ ಬಹಳ ಹೊತ್ತು ಯೋಚಿಸಿ ಮಾಡುತ್ತಿದ್ದನು. ಆದುದರಿಂದ ಅವನಿಗೆ ಚಿರಕಾರಿ ಎಂದು ಹೆಸರಾಯಿತು. ಚಿರಕಾರಿ ಎಂದರೆ ತಡವಾಗಿ ಕೆಲಸ ಮಾಡುವವನು. ಜನರು ಅವನನ್ನು ಸೋಮಾರಿ, ಮಂದಬುದ್ಧಿ ಎಂದರು.

ಒಂದು ದಿನ ಗೌತಮನಿಗೆ ಹೆಂಡತಿಯ ಮೇಲೆ ಕಡುಕೋಪ ಬಂದಿತು. "ನಿನ್ನ ತಾಯಿಯನ್ನು ಕೊಂದುಬಿಡು" ಎಂದು ಮಗನಿಗೆ ಹೇಳಿ ಕಾಡಿಗೆ ಹೊರಟುಹೋದನು. ಚಿರಕಾರಿ ಯೋಚಿಸತೊಡಗಿದನು. ತಂದೆಯ ಮಾತನ್ನು ಮೀರುವುದು ಹೇಗೆ? ಹೆತ್ತ ತಾಯಿಯನ್ನು ಕೊಲ್ಲುವುದು ಹೇಗೆ? ಯೋಚಿಸುತ್ತಲೇ ಹೊತ್ತು ಕಳೆಯಿತು. ಅತ್ತ ಗೌತಮನ ಕೋಪ ಇಳಿಯಿತು. ತಾನು ಎಂಥ ಮಾತು ಆಡಿದೆ ಎಂದು ಅವನು ಅಳುತ್ತಾ ಓಡಿ ಬಂದನು. "ಇಂದು ಒಂದು ದಿನವಾದರೂ ನನ್ನ ಮಗ ತಡಮಾಡಿರಲಿ" ಎಂದು ಹಂಬಲಿಸಿದನು. ಬಂದು ನೋಡಿದರೆ ತಾಯಿ ಬದುಕಿದ್ದಳು. ತಂದೆ ಮಗನನ್ನು ಬಹಳ ಹೊತ್ತು ಅಪ್ಪಿಕೊಂಡನು. ಜನರು ನಗುತ್ತಿದ್ದ ಗುಣವೇ ಒಂದು ಮನೆಯನ್ನು ಉಳಿಸಿತು.

ಇನ್ನೊಂದು ಕತೆ ನಿಮಗೆ ಗೊತ್ತಿರುವುದೇ. ಅದು ಪಂಚತಂತ್ರದ್ದು. ತೊಟ್ಟಿಲ ಮಗುವಿನ ಬಳಿ ಬಂದ ಹಾವನ್ನು ಸಾಕಿದ ಮುಂಗುಸಿ ಕಡಿದು ಹಾಕಿತು. ನೀರು ತರಲು ಹೋಗಿದ್ದ ತಾಯಿ ಬಾಗಿಲಲ್ಲಿ ಅದರ ಬಾಯಿಯ ರಕ್ತವನ್ನು ಕಂಡಳು. ಮಗುವನ್ನೇ ಕೊಂದಿತೆಂದು ತಿಳಿದು ತುಂಬಿದ ಕೊಡವನ್ನು ಅದರ ಮೇಲೆ ಎತ್ತಿಹಾಕಿದಳು. ಒಳಗೆ ಹೋದರೆ ಮಗು ನಗುತ್ತಿತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದೇ?

ಪಂಚತಂತ್ರ ನಮಗೆ ದೂರದ ಪುಸ್ತಕವಲ್ಲ. ಕ್ರಿ.ಶ. 1031ರ ಸುಮಾರಿಗೆ ದುರ್ಗಸಿಂಹ ಎಂಬ ಕವಿ ಅದನ್ನು ಕನ್ನಡದಲ್ಲಿ ಬರೆದನು. ಅವನು ಚಾಲುಕ್ಯ ದೊರೆ ಜಯಸಿಂಹನ ಬಳಿ ಅಧಿಕಾರಿಯಾಗಿದ್ದನು. ಆ ಚಾಲುಕ್ಯರ ಕಲ್ಯಾಣವೇ ಇಂದಿನ ಬಸವಕಲ್ಯಾಣ. ಅದು ನಮ್ಮ ಜಹೀರಾಬಾದಿಗೆ ದೂರವಲ್ಲ. ಮುಂಗುಸಿಯ ಕತೆಯಂಥದು ವೇಲ್ಸ್ ನಾಡಿನಲ್ಲಿಯೂ ಇದೆ. ಅಲ್ಲಿ ಹಾವಿನ ಬದಲು ತೋಳ, ಮುಂಗುಸಿಯ ಬದಲು ಗೆಲರ್ಟ್ ಎಂಬ ನಾಯಿ. ಆತುರದ ತಪ್ಪು ಎಲ್ಲ ನಾಡಿನವರಿಗೂ ಗೊತ್ತು.

ಈ ಎರಡು ಕತೆಗಳನ್ನು ಜೊತೆಗಿಟ್ಟು ನೋಡಿರಿ. ಮುಂಗುಸಿಯನ್ನು ಕೊಂದ ತಾಯಿ ಕೆಟ್ಟವಳಲ್ಲ. ಮಗುವಿನ ಮೇಲಿನ ಪ್ರೀತಿಯೇ ಅವಳನ್ನು ಆತುರಪಡಿಸಿತು. ಪ್ರೀತಿ ಇದ್ದರೆ ಸಾಲದು, ತಡೆದು ನೋಡುವ ಬುದ್ಧಿಯೂ ಬೇಕು. ಅವಳು ಒಳಗೆ ಇಣುಕಿ ನೋಡಿದ್ದರೆ ಸಾಕಿತ್ತು.

ನಮ್ಮ ತರಗತಿಯಲ್ಲಿಯೂ ಹೀಗೆ ನಡೆಯುತ್ತದೆ. ಒಬ್ಬರ ಪೆನ್ನು ಕಾಣದಾಯಿತು ಎಂದುಕೊಳ್ಳಿರಿ. ಕೂಡಲೇ ಎಲ್ಲರೂ ಹಳೆಯ ಅಂಗಿ ತೊಟ್ಟ ಹುಡುಗನ ಕಡೆಗೆ ನೋಡುತ್ತಾರೆ. "ಇವನೇ ಕಳ್ಳ" ಎಂದು ಯಾರೋ ಕೂಗುತ್ತಾರೆ. ಸಂಜೆಗೆ ಪೆನ್ನು ಚೀಲದ ಮೂಲೆಯಲ್ಲಿಯೇ ಸಿಗುತ್ತದೆ. ಪೆನ್ನು ಸಿಕ್ಕಿತು, ಆಡಿದ ಮಾತು ಹಿಂದಕ್ಕೆ ಬರುವುದೇ? ಆ ಹುಡುಗನು ಮರುದಿನ ಶಾಲೆಗೆ ಬರಲು ನಾಚುತ್ತಾನೆ. ಮೊದಲು ಚೀಲವನ್ನು ಹುಡುಕಿದ್ದರೆ ಒಬ್ಬ ಗೆಳೆಯನ ಮನಸ್ಸು ನೋಯುತ್ತಿರಲಿಲ್ಲ.

ಹಾಗಾದರೆ ಎಲ್ಲದಕ್ಕೂ ತಡಮಾಡುತ್ತಾ ಕೂರಬೇಕೇ? ಇಲ್ಲ. ಚಿರಕಾರಿಯ ಕತೆಯಲ್ಲಿಯೇ ಇದಕ್ಕೆ ಉತ್ತರವಿದೆ. ಕೋಪ, ಗರ್ವ, ದ್ರೋಹ, ಪಾಪದ ಕೆಲಸ ಇವುಗಳಲ್ಲಿ ತಡಮಾಡುವವನನ್ನು ಮೆಚ್ಚಬೇಕು ಎಂದು ಆ ಕತೆ ಹೇಳುತ್ತದೆ. ಬಾವಿಯ ಅಂಚಿನಲ್ಲಿ ಮಗು ಆಡುತ್ತಿದ್ದರೆ ಯೋಚಿಸುತ್ತಾ ನಿಲ್ಲಬಾರದು, ಓಡಬೇಕು. ಬಲವಾದವನು ಚಿಕ್ಕವನನ್ನು ಹೊಡೆಯುತ್ತಿದ್ದರೆ, ಚಿಕ್ಕವನಿಗೆ "ತಾಳಿಕೋ" ಎಂದು ಹೇಳುವುದು ಬುದ್ಧಿವಾದವಲ್ಲ. ಹೊಡೆಯುವವನನ್ನು ತಡೆಯಬೇಕು, ಗುರುಗಳಿಗೆ ತಿಳಿಸಬೇಕು. ಅನ್ಯಾಯವನ್ನು ನೋಡುತ್ತಾ ಸುಮ್ಮನಿರುವುದಕ್ಕೆ ತಾಳ್ಮೆ ಎಂಬ ಹೆಸರು ಸಲ್ಲದು.

ಕೆಡುಕು ಮಾಡುವಾಗ ಕೈ ತಡೆಯಬೇಕು. ಒಳಿತು ಮಾಡುವಾಗ ಕೈ ಮುಂದಾಗಬೇಕು. ಯಾವಾಗ ಯಾವುದು ಬೇಕೆಂದು ತಿಳಿಯುವುದೇ ಜಾಣತನ. ತೊಗರಿ ಬಿತ್ತಿದ ರೈತನೂ ಆರು ತಿಂಗಳು ಸುಮ್ಮನೆ ಕೂರುವುದಿಲ್ಲ. ಕಳೆ ಕೀಳುತ್ತಾನೆ, ಹುಳು ಬಿದ್ದಿತೇ ಎಂದು ದಿನವೂ ನೋಡುತ್ತಾನೆ. ಕಾಯಿ ಬಲಿಯುವ ಮೊದಲು ಮಾತ್ರ ಕುಡುಗೋಲು ಎತ್ತುವುದಿಲ್ಲ.

ಮಕ್ಕಳೇ, ನಾಳೆ ನಿಮ್ಮ ತರಗತಿಯಲ್ಲಿ ಯಾರಾದರೂ ತಡವಾಗಿ ಉತ್ತರ ಹೇಳಿದರೆ ನಗಬೇಡಿರಿ. ಅವನು ಚಿರಕಾರಿಯಂತೆ ಯೋಚಿಸುತ್ತಿರಬಹುದು. ನಿಮಗೆ ಕೋಪ ಬಂದಾಗ ಆ ತುಂಬಿದ ಕೊಡವನ್ನು ನೆನೆಯಿರಿ. ಅದನ್ನು ಎತ್ತುವ ಮೊದಲು ಒಮ್ಮೆ ಒಳಗೆ ಇಣುಕಿ ನೋಡಿರಿ.