ಅಧಿಕಪ್ರಸಂಗಿಗಳು ಬೇಕಾಗಿದ್ದಾರೆ

ಪ್ರಶ್ನೆ ಕೇಳುವ ಮಗುವನ್ನು ಬೈಯಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ತಲೆಹರಟೆ, ಅಧಿಕಪ್ರಸಂಗಿ, ಎದುರುತ್ತರ ಕೊಡೋನು, ದೊಡ್ಡವರ ಮಾತಿನ ಮಧ್ಯೆ ಬಾಯಿ ಹಾಕೋಳು. ಯೋಚಿಸಿ ಪ್ರಶ್ನೆ ಕೇಳುವ ಮಗುವನ್ನು ಮೆಚ್ಚಿ ಕರೆಯಬೇಕೆಂದರೆ ಮಾತ್ರ ಥಟ್ಟನೆ ನಾಲಿಗೆಗೆ ಪದ ಬರುವುದಿಲ್ಲ. 'ಜಾಣ', 'ಚೂಟಿ' ಎಂಬ ಮಾತುಗಳಿವೆ, ನಿಜ. ಅವು ಸಲ್ಲುವುದು ಬೇಗ ಉತ್ತರ ಹೇಳುವವರಿಗೆ.

ಈ ಅಭ್ಯಾಸ ಊರು ಬಿಟ್ಟರೂ ಬಿಡುವುದಿಲ್ಲ. ಪುಣೆಯ ಪಶ್ಚಿಮದ ಅಂಚಿನಲ್ಲಿರುವ ಹಿಂಜವಾಡಿಯನ್ನೇ ನೋಡಿ. ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕಿನ ಸುತ್ತ ಎದ್ದ ಹೌಸಿಂಗ್ ಸೊಸೈಟಿಗಳಲ್ಲಿ ಬೆಳಗಾವಿ, ಹುಬ್ಬಳ್ಳಿ, ವಿಜಯಪುರ, ಬೆಂಗಳೂರಿನಿಂದ ಬಂದ ಸಾಫ್ಟ್‌ವೇರ್ ಕುಟುಂಬಗಳಿವೆ. ಸ್ಕೂಲ್ ಬಸ್ಸಿನಿಂದ ಇಳಿದ ಮಗುವಿಗೆ ಒಂದು ದಿನ ಅಬ್ಯಾಕಸ್, ಮರುದಿನ ಕೋಡಿಂಗ್, ಮತ್ತೊಂದು ದಿನ ವೇದಗಣಿತ, ವಾರದ ಕೊನೆಗೆ ಒಲಿಂಪಿಯಾಡ್ ತಯಾರಿ. ಎಲ್ಲ ಕರಪತ್ರಗಳ ಸಾರವೂ ಒಂದೇ: ಮೆದುಳು ಚುರುಕಾಗುತ್ತದೆ, ಯೋಚನಾಶಕ್ತಿ ಬೆಳೆಯುತ್ತದೆ. ಆ ಮಾತು ನಿಜವೇ ಎಂದು ಒಮ್ಮೆಯೂ ಕೇಳದೆ ಫೀಸು ಕಟ್ಟುವ ತಂದೆತಾಯಿ, ಮಗುವಿಗೆ ಯೋಚನೆ ಕಲಿಸಲು ಹೊರಟು ತಾವು ಯೋಚಿಸುವುದನ್ನೇ ಬಿಟ್ಟಿದ್ದಾರೆ.

ಕೇಳಿದ್ದರೆ ಉತ್ತರ ಸಿಗುತ್ತಿತ್ತು. ಮನಸ್ಸಿನಲ್ಲೇ ಮಣಿಕಟ್ಟು ಕಲ್ಪಿಸಿಕೊಂಡು ಲೆಕ್ಕ ಮಾಡುವ ಅಬ್ಯಾಕಸ್ ವಿಧಾನವನ್ನು ಗುಜರಾತಿನ ವಡೋದರಾದಲ್ಲಿ 204 ಮಕ್ಕಳ ಮೇಲೆ ಮೂರು ವರ್ಷ ಪರೀಕ್ಷಿಸಲಾಯಿತು. ಡೇವಿಡ್ ಬಾರ್ನರ್ ಮತ್ತು ಸಂಗಡಿಗರು 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಬ್ಯಾಕಸ್ ಕಲಿತ ಮಕ್ಕಳ ಲೆಕ್ಕ ಸುಧಾರಿಸಿತ್ತು. ಆದರೆ ನೆನಪು, ಗಮನದಂಥ ಬುದ್ಧಿಯ ಮೂಲ ಸಾಮರ್ಥ್ಯಗಳೇನೂ ಹಿಗ್ಗಿರಲಿಲ್ಲ. ಲೆಕ್ಕ ಕಲಿತರೆ ಲೆಕ್ಕ ಬರುತ್ತದೆ. ಅದು ಒಳ್ಳೆಯದೇ. ಅದನ್ನು 'ಯೋಚನಾಶಕ್ತಿ' ಎಂಬ ಹೆಸರಿನಲ್ಲಿ ಮಾರುವುದು ಮಾತ್ರ ವ್ಯಾಪಾರ. ಕೋಡಿಂಗಿನ ಕಥೆಯೂ ಬೇರೆಯಲ್ಲ. 2020ರಲ್ಲಿ ಜಾಹೀರಾತು ಮಾನದಂಡ ಮಂಡಳಿಯ ಆಕ್ಷೇಪದ ಮೇಲೆ ವೈಟ್‌ಹ್ಯಾಟ್ ಜೂನಿಯರ್ ತನ್ನ ಐದು ಜಾಹೀರಾತುಗಳನ್ನು ಹಿಂದೆಗೆದುಕೊಳ್ಳಬೇಕಾಯಿತು. ಹಾಗಂತ ಪುಟ್ಟ ಮಕ್ಕಳಿಗೆ ಕೋಟಿ ರೂಪಾಯಿ ಸಂಬಳದ ಕನಸು ಕಟ್ಟುವುದನ್ನು ಪೋಷಕರು ಬಿಟ್ಟಿಲ್ಲ.

ಸೋಜಿಗ ಇರುವುದು ಬೇರೆ ಕಡೆ. ಇದೇ ತಂದೆತಾಯಿ ಆಫೀಸಿನಲ್ಲಿ ದಿನವಿಡೀ ಮಾಡುವುದು ಯೋಚನೆಯ ಕೆಲಸವನ್ನೇ. ಸರ್ವರ್ ಕುಸಿದರೆ ಮೂಲ ಕಾರಣ ಸಿಗುವವರೆಗೆ 'ಯಾಕೆ, ಯಾಕೆ' ಎಂದು ಕೆದಕುತ್ತಾರೆ. ಹಿರಿಯರು ಬರೆದ ಕೋಡಿನಲ್ಲೂ ಕಿರಿಯರು ತಪ್ಪು ತೋರಿಸಬಹುದು, ತೋರಿಸಬೇಕು. ಸಂಜೆ ಅದೇ ವ್ಯಕ್ತಿ ಮನೆಯ ಬಾಗಿಲು ದಾಟಿದ ಮೇಲೆ, ಮಗಳು ಎರಡನೆಯ ಸಲ 'ಯಾಕಪ್ಪಾ?' ಎಂದರೆ ಬರುವ ಉತ್ತರ: 'ಹೇಳಿದಷ್ಟು ಮಾಡು.' ಕಂಪನಿಯ ಸರ್ವರಿಗೆ ಸಿಗುವ ತಾಳ್ಮೆ ಹೆತ್ತ ಮಗುವಿಗೆ ಸಿಗುವುದಿಲ್ಲ.

ಯೋಚಿಸುವುದು ಈಜಿನಂತೆ ಅಭ್ಯಾಸ. ದಡದಲ್ಲಿ ನಿಂತು ಕಲಿಯಲಾಗದು. ಹೇಳಿದ್ದಕ್ಕೆ ಕಾರಣ ಕೊಡುವುದು, ಎದುರಿನವರ ಮಾತನ್ನು ಅವರು ಒಪ್ಪುವಂತೆ ಮರುಹೇಳಿ ಆಮೇಲೆ ಆಕ್ಷೇಪಿಸುವುದು, ಗೊತ್ತಿಲ್ಲದ್ದನ್ನು 'ಗೊತ್ತಿಲ್ಲ' ಎನ್ನುವುದು, ಹೊಸ ಸಂಗತಿ ಸಿಕ್ಕಾಗ ಅಭಿಪ್ರಾಯ ಬದಲಿಸುವುದು. ಇವಿಷ್ಟಕ್ಕೆ ಆ್ಯಪ್ ಬೇಡ, ಕಿಟ್ ಬೇಡ. ವಾರಕ್ಕೆರಡು ಸಂಜೆ, ಸೊಸೈಟಿಯ ಕ್ಲಬ್ ಹೌಸ್, ಅವಸರವಿಲ್ಲದ ಒಬ್ಬ ದೊಡ್ಡವರು ಸಾಕು.

ಕನ್ನಡಿಗರಿಗೆ ಇದರ ಮಾದರಿ ಹೊರಗಿನಿಂದ ಬರಬೇಕಾಗಿಲ್ಲ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ವಾರವಾರವೂ ಸಂಜೆ ವಿಜ್ಞಾನದ ಉಪನ್ಯಾಸ ನಡೆಯುವಂತಾಯಿತು. ಅದು ಅಂಕಪಟ್ಟಿಗಾಗಿ ಇದ್ದದ್ದಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದವರೂ ಅವರೇ. ಅಂಥ ಅಧಿಕಪ್ರಸಂಗದ ನಾಡಿನವರು ಪರವೂರಿಗೆ ಬಂದು ನವೆಂಬರಿನಲ್ಲೊಮ್ಮೆ ಮಕ್ಕಳಿಗೆ ಪೇಟ ತೊಡಿಸಿ, ಬಾಯಿಪಾಠದ ಭಾಷಣ ಹೇಳಿಸಿ, ಸಂಸ್ಕೃತಿ ಉಳಿಸಿದೆವು ಎಂದುಕೊಳ್ಳುತ್ತಾರೆ. ಕನ್ನಡದಲ್ಲಿ ವಾದ ಮಾಡಲು ಬಾರದ ಮಗುವಿನ ಬಾಯಲ್ಲಿ ಕನ್ನಡ ಎಷ್ಟು ದಿನ ಉಳಿದೀತು?

ಪ್ರಶ್ನೆಗಳಿಗಾಗಿ ಹಿಂಜವಾಡಿಯಲ್ಲಿ ದೂರ ಹೋಗಬೇಕಿಲ್ಲ. ಗೇಟಿನಲ್ಲಿ ನೀರಿನ ಟ್ಯಾಂಕರ್ ನಿಂತಿರುತ್ತದೆ. ಮಳೆಗಾಲದಲ್ಲಿ ರಸ್ತೆ ಮುಳುಗುವ ಊರಿನಲ್ಲಿ ಬೇಸಿಗೆಗೆ ನೀರು ಕೊಳ್ಳುವುದೇಕೆ? ಮೊದಲು ಪ್ರತಿ ಮಗುವೂ ತನ್ನ ಊಹೆಯನ್ನು ಚೀಟಿಯಲ್ಲಿ ಬರೆಯಲಿ. ಆಮೇಲೆ ಒಂದು ವಾರ ಟ್ಯಾಂಕರ್ ಎಣಿಸಲಿ, ಸೊಸೈಟಿ ಮ್ಯಾನೇಜರನ್ನು ಬಿಲ್ಲು ಕೇಳಲಿ, ಮಳೆನೀರಿನ ಇಂಗುಗುಂಡಿಯಲ್ಲಿ ಹೂಳಿದೆಯೇ ಇಣುಕಲಿ. ಕೊನೆಗೆ ಅದೇ ಚೀಟಿ ತೆರೆದು, ಯಾರ ಊಹೆ ಯಾಕೆ ಬದಲಾಯಿತು ಎಂದು ಹೇಳಲಿ. ಬದಲಿಸಿದವರಿಗೆ ಚಪ್ಪಾಳೆ, ಗೆದ್ದವರಿಗಲ್ಲ.

ಒಂದು ಷರತ್ತಿದೆ. ಒಂದೇ ಸಂಬಳದ, ಒಂದೇ ಬಗೆಯ ಫ್ಲ್ಯಾಟಿನ ಮಕ್ಕಳು ಕೂತರೆ ವಾದ ಹುಟ್ಟುವುದಿಲ್ಲ, ಪ್ರತಿಧ್ವನಿ ಹುಟ್ಟುತ್ತದೆ. ಪುಣೆಯ ಕಟ್ಟಡಗಳ ಕೆಲಸಕ್ಕೆ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದ ಕನ್ನಡದ ಕುಟುಂಬಗಳು ತಗಡಿನ ಶೆಡ್ಡುಗಳಲ್ಲಿವೆ. ಒಂದೇ ಕೊಡ ನೀರಿನಲ್ಲಿ ದಿನ ದೂಡುವುದು ಹೇಗೆಂದು ಬಲ್ಲ ಆ ಮಕ್ಕಳು ಚರ್ಚೆಗೆ ಬಂದರೆ ಟ್ಯಾಂಕರಿನ ಪ್ರಶ್ನೆಯೇ ಬೇರೆಯಾಗುತ್ತದೆ. ಅವರಿಗೆ ಕ್ಲಬ್ ಹೌಸಿನ ಬಾಗಿಲು ತೆರೆಯದ ಸೊಸೈಟಿ, ತನ್ನ ಮಕ್ಕಳ ಬುದ್ಧಿಗೂ ಬೀಗ ಹಾಕಿಕೊಂಡಂತೆ.

'ಇದರಿಂದ ಮಾರ್ಕ್ಸ್ ಬರುತ್ತದೆಯೇ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಪ್ರಾಮಾಣಿಕ ಉತ್ತರ: ಭರವಸೆ ಕೊಡಲಾಗದು. ಮಕ್ಕಳನ್ನು ದುಂಡಗೆ ಕೂರಿಸಿ ಚರ್ಚೆ ಮಾಡಿಸುವ ವಿಧಾನವನ್ನು ಇಂಗ್ಲೆಂಡಿನಲ್ಲಿ 48 ಶಾಲೆಗಳಲ್ಲಿ ಪರೀಕ್ಷಿಸಿ, ಓದು ಮತ್ತು ಗಣಿತದಲ್ಲಿ ಸುಮಾರು ಎರಡು ತಿಂಗಳ ಹೆಚ್ಚಿನ ಪ್ರಗತಿ ಕಂಡಿದೆ ಎಂದು 2015ರಲ್ಲಿ ವರದಿಯಾಯಿತು. ಆಮೇಲೆ ಇನ್ನೂ ದೊಡ್ಡದಾಗಿ ನಡೆದ ಪರೀಕ್ಷೆಯಲ್ಲಿ ಆ ಲಾಭ ಕಾಣಲಿಲ್ಲ. ಇಲ್ಲದ ಲಾಭದ ಆಸೆ ತೋರಿಸಿದರೆ ಈ ತರಗತಿಯೂ ಅಬ್ಯಾಕಸ್ ಕರಪತ್ರದ ಸಾಲಿಗೇ ಸೇರುತ್ತದೆ. ಮಾರ್ಕ್ಸಿಗಾಗಿ ಬೇರೆ ದಾರಿಗಳಿವೆ. ಇದು ಬೇಕಾಗಿರುವುದು ವಾಟ್ಸಾಪಿನಲ್ಲಿ ಬಂದದ್ದನ್ನೆಲ್ಲ ನಂಬದಿರಲು, ಯಂತ್ರ ನಯವಾಗಿ ಬರೆದುಕೊಟ್ಟ ತಪ್ಪನ್ನು ತಪ್ಪೆನ್ನಲು, ನಾಳೆ ಮೇಲಧಿಕಾರಿಯೆದುರು 'ಇದು ಸರಿಯಲ್ಲ' ಎಂದು ಕಾರಣ ಸಮೇತ ಹೇಳಲು.

ಇದಕ್ಕೆ ದೊಡ್ಡವರು ತೆರಬೇಕಾದ ಬೆಲೆ ದೊಡ್ಡದೇ. ಟ್ಯಾಂಕರನ್ನು ಪ್ರಶ್ನಿಸಲು ಕಲಿತ ಮಗು ಅಲ್ಲಿಗೇ ನಿಲ್ಲುವುದಿಲ್ಲ. ಅಪ್ಪನ ಜಾತಿಯ ಹೆಮ್ಮೆಯನ್ನು, ಅಮ್ಮನ ವ್ರತವನ್ನು, ಮನೆಕೆಲಸದವರಿಗೆ ಎತ್ತಿಟ್ಟ ಬೇರೆ ಲೋಟವನ್ನು ಪ್ರಶ್ನಿಸುತ್ತದೆ. ಅಬ್ಯಾಕಸ್ ಕ್ಲಾಸು ಇಷ್ಟೊಂದು ಜನಪ್ರಿಯವಾಗಿರುವುದು ಬಹುಶಃ ಅದಕ್ಕೇ. ಮಣಿಗಳು ಎದುರುತ್ತರ ಕೊಡುವುದಿಲ್ಲ.