ಪಾಂಡಿತ್ಯವೂ ಹೊಸ ನೋಟವೂ

ಪ್ರತಿವರ್ಷ ಪರೀಕ್ಷೆಯ ಫಲಿತಾಂಶ ಪ್ರಕಟವಾದ ಬಳಿಕ ಅಧ್ಯಾಪಕರ ಕೊಠಡಿಯಲ್ಲಿ ಒಂದು ವಾದ ಏಳುವುದುಂಟು. "ಮೊದಲು ವಿಷಯ ಗಟ್ಟಿಯಾಗಲಿ, ಸ್ವಂತ ಆಲೋಚನೆ ತಾನಾಗಿ ಬರುತ್ತದೆ" ಎಂದು ಕೆಲವರು ಹೇಳುತ್ತಾರೆ. "ಗಟ್ಟಿ ಮಾಡಿಸಿ ಮಾಡಿಸಿಯೇ ಮಕ್ಕಳ ಕಲ್ಪನೆಯನ್ನು ಬತ್ತಿಸಿದ್ದೇವೆ" ಎಂದು ಮತ್ತೆ ಕೆಲವರು ಮರುನುಡಿಯುತ್ತಾರೆ. ವಿಜ್ಞಾನದ ಅಧ್ಯಾಪಕನಾಗಿ ನಾನು ಬಹುಕಾಲ ಮೊದಲನೆಯ ಪಕ್ಷದವನಾಗಿದ್ದೆ. ಎರಡು ಪಕ್ಷಗಳೂ ಅರ್ಧ ಸತ್ಯವನ್ನೇ ಹಿಡಿದು ಜಗ್ಗಾಡುತ್ತಿವೆಯೆಂದು ಈಗ ತೋರುತ್ತದೆ. ನನಗೆ ಈ ತಿಳಿವನ್ನು ತಂದುಕೊಟ್ಟದ್ದು ನಮ್ಮ ರಾಗಿ.

ಒಮ್ಮೆ ದಾಸವಾಳವನ್ನು ಬಿಡಿಸಿ ಹೂವಿನ ರಚನೆಯನ್ನು ವಿವರಿಸುತ್ತಿದ್ದಾಗ ಹುಡುಗನೊಬ್ಬ, "ಸಾರ್, ರಾಗಿಯ ಹೂ ಯಾವಾಗ ಅರಳುತ್ತದೆ?" ಎಂದು ಕೇಳಿದ. ತರಗತಿಯಲ್ಲಿ ಕುಳಿತವರಲ್ಲಿ ಬಹುಪಾಲು ಮಕ್ಕಳು ಕೋಡಿಹಳ್ಳಿಯ ಸುತ್ತಣ ಹೊಲಗಳಿಂದ ಬಂದವರು. ಅವರಾರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಎರಡು ಹೊತ್ತು ಮುದ್ದೆಯುಣ್ಣುವ ನಾವು ರಾಗಿಯ ಹೂವನ್ನು ಕಂಡಿರಲಿಲ್ಲ. ಆ ನಾಚಿಕೆಯೇ ನನ್ನನ್ನು ಓದಿಗೆ ಹಚ್ಚಿತು.

ರಾಗಿಯ ಹೂ ಅತಿ ಕಿರಿದು. ಅದು ಅರಳುವುದು ನಡುರಾತ್ರಿ ಕಳೆದು ಬೆಳಗಾಗುವುದರೊಳಗೆ. ಹೂ ಪೂರ್ತಿ ತೆರೆಯುವ ಮೊದಲೇ ತನ್ನ ಪರಾಗ ತನಗೇ ತಗುಲಿ ಕಾಳು ಕಟ್ಟುತ್ತದೆ. ಪರಾಗದ ಜೀವವಾದರೋ ಕೆಲವೇ ನಿಮಿಷಗಳದು. ಆದುದರಿಂದ ಒಂದು ತಳಿಯನ್ನು ಮತ್ತೊಂದರೊಡನೆ ಕೂಡಿಸುವುದು ಬಹು ಪ್ರಯಾಸದ ಕೆಲಸ. ಇದಕ್ಕೆ ತಳಿಗಾರರು ಕಂಡುಕೊಂಡ ಒಂದು ಉಪಾಯವನ್ನು ನೋಡಿ. ಹಸುರು ಗಿಡದ ತೆನೆಗೆ ನೇರಳೆ ಛಾಯೆಯ ಗಿಡದ ತೆನೆಯನ್ನು ಒತ್ತಾಗಿ ಕಟ್ಟಿಬಿಡುವುದು. ನೇರಳೆ ಪ್ರಬಲ ಗುಣವಾದ ಕಾರಣ, ಹಸುರು ತಾಯಿಯ ಬೀಜವನ್ನು ಬಿತ್ತಿದಾಗ ನೂರಾರು ಹಸುರು ಸಸಿಗಳ ನಡುವೆ ಅಲ್ಲೊಂದು ಇಲ್ಲೊಂದು ಮೂಡುವ ನೇರಳೆ ಸಸಿಯೇ ನಿಜವಾದ ಸಂಕರ. ಉಪಕರಣವಿಲ್ಲದ ಈ ಉಪಾಯ ಸರಳವಾಗಿ ಕಾಣುತ್ತದೆ. ಆದರೆ ರಾಗಿಯ ಸ್ವಭಾವವನ್ನು ಬೇರುಸಹಿತ ಬಲ್ಲವರಿಗಲ್ಲದೆ ಅದು ಹೊಳೆಯುವಂತಹದಲ್ಲ.

ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದು, ಜನರಿಂದ 'ರಾಗಿ ಲಕ್ಷ್ಮಣಯ್ಯ'ನವರೆಂದೇ ಕರೆಯಿಸಿಕೊಂಡ ಮಹನೀಯರು (1921–1993) ಇಂತಹ ಬಲ್ಲವರಲ್ಲಿ ಅಗ್ರಗಣ್ಯರು. ಅವರು ಮೊದಲು ನಾಡ ತಳಿಗಳನ್ನೇ ತಮ್ಮತಮ್ಮಲ್ಲಿ ಕೂಡಿಸಿ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ ಮೊದಲಾದ ತಳಿಗಳನ್ನು ನೀಡಿದರು. ಅಷ್ಟಕ್ಕೇ ನಿಂತಿದ್ದರೂ ಅವರು ಸಫಲ ವಿಜ್ಞಾನಿಯೇ. ಆದರೆ ಅವರ ದೃಷ್ಟಿ ಆಫ್ರಿಕದತ್ತ ಹೊರಳಿತು. ರಾಗಿಯ ತವರು ಆಫ್ರಿಕದ ಪೂರ್ವಭಾಗದ ಎತ್ತರದ ನೆಲ. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ಅದು ನಮ್ಮಲ್ಲಿಗೆ ಬಂದಿತು. ಅಲ್ಲಿಯ ರಾಗಿಗೆ ಗಟ್ಟಿ ದಂಟು, ದಪ್ಪ ಕಾಳು, ಬೆಂಕಿ ರೋಗವನ್ನು ತಾಳುವ ಶಕ್ತಿ. ಆದರೆ ಅದು ಕೊಯ್ಲಿಗೆ ಬರುವುದು ಬಹಳ ತಡ. ನಮ್ಮ ಮಳೆ ಅಷ್ಟು ಕಾಲ ಕಾಯದು. ನಮ್ಮ ರಾಗಿಯಾದರೋ ಬೇಗ ಮಾಗುವುದು, ಚೆನ್ನಾಗಿ ತೆಂಡೆ ಒಡೆಯುವುದು. ಅಗಲಿಹೋಗಿದ್ದ ಈ ದಾಯಾದಿಗಳನ್ನು ಲಕ್ಷ್ಮಣಯ್ಯನವರು ಮತ್ತೆ ಒಂದುಗೂಡಿಸಿದರು. 1970ರ ದಶಕದಿಂದ ಹೊರಬಂದ 'ಇಂಡಾಫ್' ತಳಿಗಳ ಹೆಸರಿನಲ್ಲಿಯೇ ಇಂಡಿಯ ಮತ್ತು ಆಫ್ರಿಕಗಳೆರಡೂ ಇವೆ. ಒಣಬೇಸಾಯದ ಎಷ್ಟೋ ಮನೆಗಳ ಕಣಜಕ್ಕೆ ಅವು ಕಾಳು ತುಂಬಿದವು.

ಇಲ್ಲಿ ಕೆಲಸ ಮಾಡಿದ್ದು ಎರಡು ಬಗೆಯ ಬುದ್ಧಿ. ಅಮೆರಿಕದ ಮನಶ್ಶಾಸ್ತ್ರಜ್ಞ ಗಿಲ್ಫರ್ಡ್, ಹಲವು ಸಂಗತಿಗಳಿಂದ ಒಂದೇ ಸರಿಯಾದ ಉತ್ತರದತ್ತ ಸಾಗುವ ಚಿಂತನೆಯನ್ನು, ಒಂದು ಪ್ರಶ್ನೆಯಿಂದ ಹಲವು ದಾರಿಗಳತ್ತ ಹರಡುವ ಚಿಂತನೆಯಿಂದ ಬೇರ್ಪಡಿಸಿ ಹೆಸರಿಟ್ಟನು. ಆಫ್ರಿಕದತ್ತ ನೋಡಿದ್ದು ಹರಡುವ ಬುದ್ಧಿ. ಸಾವಿರಾರು ಸಸಿಗಳಲ್ಲಿ ಬೇಕಾದುದನ್ನು ಮಾತ್ರ ಆಯ್ದು, ಪೀಳಿಗೆಯಿಂದ ಪೀಳಿಗೆಗೆ ಸೋಸಿದ್ದು ಒಂದುಗೂಡುವ ಬುದ್ಧಿ. ಮೊದಲನೆಯದು ಇಲ್ಲದಿದ್ದರೆ ಪ್ರಯತ್ನವೇ ಆರಂಭವಾಗುತ್ತಿರಲಿಲ್ಲ. ಎರಡನೆಯದು ಇಲ್ಲದಿದ್ದರೆ ಮುಗಿಯುತ್ತಿರಲಿಲ್ಲ.

ಆದರೆ ಪಾಂಡಿತ್ಯಕ್ಕೆ ತನ್ನದೇ ಆದ ಅಪಾಯವೂ ಉಂಟು. ಲೂಚಿನ್ಸ್ ಎಂಬ ವಿದ್ವಾಂಸನು 1942ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹೂಜಿಗಳಿಂದ ನೀರು ಅಳೆಯುವ ಲೆಕ್ಕಗಳನ್ನು ಒಂದೇ ಸೂತ್ರದಿಂದ ಬಿಡಿಸಿ ರೂಢಿಯಾದವರು, ಎದುರಿಗೆ ಸುಲಭದ ದಾರಿ ಇದ್ದಾಗಲೂ ಹಳೆಯ ಸುತ್ತುದಾರಿಯನ್ನೇ ಹಿಡಿದರು. ಬಲ್ಲವಿಕೆಯು ಕಣ್ಣಿಗೆ ಕನ್ನಡಕವಾಗಬಹುದು, ಪಟ್ಟಿಯೂ ಆಗಬಹುದು.

ಪಟ್ಟಿಯಾಗದಂತೆ ಕಾಯುವುದು ಯಾವುದು? ಎದುರಿನ ವಸ್ತುವಿನ ಮಾತನ್ನು ಆಲಿಸುವ ಅಭ್ಯಾಸವೆಂದು ನಾನು ಭಾವಿಸುತ್ತೇನೆ. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಮದ್ದು ಹುಡುಕಿದರು. ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣ ಫ್ರಾನ್ಸಿನ ದ್ರಾಕ್ಷಿತೋಟಗಳಿಂದ ಆಗಲೇ ಪ್ರಸಿದ್ಧವಾಗಿತ್ತು. ಅಲ್ಲಿಯ ಮದ್ದನ್ನು ಇಲ್ಲಿ ಹಾಗೆಯೇ ಸಿಂಪಡಿಸಿದರೆ ಮಲೆನಾಡಿನ ಮಳೆ ತೊಳೆದು ಹಾಕುತ್ತಿತ್ತು. ರಾಳದ ಅಂಟು ಬೆರೆಸಿ ಗೊನೆಗೆ ಅದು ಹತ್ತಿಕೊಳ್ಳುವಂತೆ ಮಾಡಿದ್ದರಲ್ಲಿ ಅವರ ಸೃಜನಶೀಲತೆ ಇದೆ. ಪುಸ್ತಕದ ವಿದ್ಯೆಗೆ ಮಳೆಯು ಹೇಳಿದ ತಿದ್ದುಪಡಿಯನ್ನು ಅವರು ಒಪ್ಪಿಕೊಂಡರು.

ಪಠ್ಯ ಮುಗಿಸುವುದಕ್ಕೇ ದಿನಗಳು ಸಾಲವು, ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂದು ಸಹೋದ್ಯೋಗಿಗಳು ಕೇಳಬಹುದು. ಅವರ ಕಷ್ಟ ನನ್ನದೂ ಹೌದು. ಪಠ್ಯವನ್ನು ಕಡಿಮೆ ಮಾಡಿರೆಂದು ನಾನು ಹೇಳುವುದಿಲ್ಲ. ಗಟ್ಟಿ ತಿಳಿವಳಿಕೆ ಇಲ್ಲದ ಕಲ್ಪನೆ ಬೇರಿಲ್ಲದ ಬಳ್ಳಿ. ವರ್ಷಕ್ಕೊಂದು ಪ್ರಶ್ನೆಯನ್ನಾದರೂ, ಉತ್ತರ ಪುಸ್ತಕದಲ್ಲಿಲ್ಲದಂತಹದನ್ನು, ತರಗತಿಯ ಕೈಗೆ ಕೊಟ್ಟು ಒಂದು ಬೆಳೆಯ ಕಾಲವಾದರೂ ಅದರೊಡನೆ ಬಾಳಲು ಬಿಡೋಣ. ದಾನಿಗಳಲ್ಲಿಯೂ ಒಂದು ವಿನಂತಿ. ಹೆಚ್ಚು ಅಂಕ ಪಡೆದವರಿಗೆ ಪದಕಗಳು ಈಗಾಗಲೇ ಇವೆ. ಬಿತ್ತನೆಯಿಂದ ಕೊಯ್ಲಿನವರೆಗೆ ಒಂದು ಹೊಲವನ್ನು ನೋಡಿ ಬರೆದಿಟ್ಟ ನೋಟುಪುಸ್ತಕಕ್ಕೆ ಒಂದು ಬಹುಮಾನವಿರಲಿ. ಸಂಶೋಧನೆಯಲ್ಲಿ ತೊಡಗಿರುವ ಹಳೆಯ ವಿದ್ಯಾರ್ಥಿಗಳು ಬಂದು, ತಮ್ಮ ಗೆಲುವಿನ ಜೊತೆಗೆ ಸೋತ ಪ್ರಯೋಗಗಳ ಕತೆಯನ್ನೂ ಮಕ್ಕಳಿಗೆ ಹೇಳಲಿ.

ಆ ಹುಡುಗನಿಗೆ ನಾನು ಮರುವಾರ ಉತ್ತರ ಹೇಳಿದೆ; ಅವನು ಬರೆದುಕೊಂಡು ಸುಮ್ಮನಾದ. ಅದು ನನ್ನ ತಪ್ಪೆಂದು ಬಹಳ ತಡವಾಗಿ ಅರಿತೆ. ತೆನೆ ಬಿಟ್ಟ ಹೊಲವನ್ನು ಆನೆಗಳಿಂದ ಕಾಯಲು ಈ ಸೀಮೆಯ ರೈತರು ಅಟ್ಟಣೆಯೇರಿ ರಾತ್ರಿಯಿಡೀ ಎಚ್ಚರವಿರುತ್ತಾರೆ. ರಾಗಿ ಹೂ ಬಿಡುವ ಹೊತ್ತಿನಲ್ಲಿ ಹೊಲದ ಬಳಿ ಎಚ್ಚರವಿರುವವರು ಅವರೇ. "ಒಂದು ರಾತ್ರಿ ನಿಮ್ಮ ತಂದೆಯವರೊಡನೆ ಅಟ್ಟಣೆಯಲ್ಲಿ ಕುಳಿತು ನೋಡಿ ಬಾ, ಬಂದು ನನಗೂ ಹೇಳು" ಎನ್ನಬೇಕಿತ್ತು. ಅವನು ಕಂಡು ಬಂದಿದ್ದರೆ ಎರಡನೆಯ ಪ್ರಶ್ನೆಯೊಂದು ಖಂಡಿತವಾಗಿ ಅವನ ಜೊತೆ ಬರುತ್ತಿತ್ತು.